ಏಳು ಗಿಡ ಉಳಿಸಿದ ಮೇಸ್ತ್ರಿ

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಗುಬ್ಬಿಯ ಬಸ್‌ಸ್ಟ್ಯಾಂಡಿನಲ್ಲಿ, ಅದೂ ಹದಿನೈದು ದಿನ ತಡವಾಗಿ. ಬೆಳ್ಳಾವಿ ಕಡೆಯವರೊಬ್ಬರು ಕೊಬ್ಬರಿ ಮೂಟೆಗೆ ಒರಗಿ ಬಸ್ಸು ಕಾಯುತ್ತ ಕೂತಿದ್ದರು. ಮಾತಿಗೆ ಮಾತು ಬಂದು, ನಾನು ಹಿಂದೆ ಕುಣಿಗಲ್ಲಿನ ಫಾರಂನಲ್ಲಿ ಗುಮಾಸ್ತನಾಗಿದ್ದೆ ಅಂದೆ. 'ಹಂಗಾರೆ ಗಾಜ್ಮನೆ ಮೇಸ್ತ್ರಿ ಗೊತ್ತಿರ್ಬೇಕಲ್ಲ ನಿಮ್ಗೆ. ಹೋಗ್ಬುಟ್ರು' ಎಂದರು. ತಿಥಿಯೂ ಮುಗಿದಿತ್ತಂತೆ. ಅವರ ಬಸ್ಸು ಬಂತು, ಹತ್ತಿಕೊಂಡು ಹೋದರು. ನನ್ನ ಬಸ್ಸೂ ಬಂತು, ನಾನು ಹತ್ತಲಿಲ್ಲ. ಸಾವಿನ ಸುದ್ದಿ ಕೇಳಿದಾಗ ಮನುಷ್ಯನಿಗೆ ಮೊದಲು ದುಃಖ ಬರಬೇಕು. ನನಗೆ ಬಂದದ್ದು ಸಿಟ್ಟು. ಹತ್ತು ವರ್ಷದ ಹಳೆಯ ಸಿಟ್ಟು ಅದು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೊನೆಯ ಸಲ ಅದನ್ನು ಬರೆದದ್ದು ಕಾರ್ಬನ್ ಇಟ್ಟು, ಮೂರು ಪ್ರತಿ ತೆಗೆದು. ಆ ಕಾಗದದಲ್ಲಿ ಆ ಹೆಸರಿನ ಮುಂದೆ ನಾನೇ ಟೈಪು ಮಾಡಿದ ಮಾತುಗಳನ್ನು ನೆನೆದರೆ, ಇನ್ನೊಮ್ಮೆ ಆ ಹೆಸರು ಬರೆಯುವ ಯೋಗ್ಯತೆ ನನಗಿಲ್ಲ ಅನಿಸುತ್ತದೆ. ಫಾರಂನಲ್ಲಿ ಎಲ್ಲರೂ ಅವರನ್ನು ಮೇಸ್ತ್ರಿ ಅನ್ನುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಮಾತ್ರ ಅವರು ಮೇಸ್ತ್ರಿಯಲ್ಲ, ದಿನಗೂಲಿ. ಗಾಜಿನ ಮನೆ ಕಟ್ಟಿದ ದಿನದಿಂದ ಅದರೊಳಗೆ ದುಡಿದವರು, ಅದರ ಒಂದೊಂದು ಗಾಜನ್ನೂ ಬಲ್ಲವರು, ದಿನಗೂಲಿ.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ಕುಣಿಗಲ್ ಊರಾಚೆ ಆಗ ಒಂದು ಫಾರಂ ಇತ್ತು, ಈಗಿಲ್ಲ. ಯಾವ ಇಲಾಖೆ, ಯಾವ ಸ್ಕೀಮು ಎಂದು ಹೇಳಲು ಹೋಗುವುದಿಲ್ಲ, ಸರ್ಕಾರದ್ದು ಅಂದರೆ ಸಾಕು. ಅಲ್ಲಿ ಹಿಂದಿನ ಯಾರೋ ಸಾಹೇಬರು ಹಠ ಹಿಡಿದು ಒಂದು ಗಾಜಿನ ಮನೆ ಕಟ್ಟಿಸಿದ್ದರು. ಮೊಣಕಾಲೆತ್ತರದ ಇಟ್ಟಿಗೆ ಗೋಡೆ, ಅದರ ಮೇಲೆ ಕಬ್ಬಿಣದ ಚೌಕಟ್ಟು, ಸುತ್ತಲೂ ಗಾಜು, ಸೂರಿಗೂ ಗಾಜು. ಸೂರಿನಲ್ಲಿ ಕಿಟಕಿಗಳಿದ್ದವು, ಕೆಳಗಿನಿಂದ ಹಿಡಿಕೆ ತಿರುಗಿಸಿದರೆ ತೆರೆಯುತ್ತಿದ್ದವು. ಒಳಗೆ ಟೊಮ್ಯಾಟೊ. ತಿನ್ನಲಿಕ್ಕಲ್ಲ, ಒಳ್ಳೆಯ ತಳಿಯ ಬೀಜ ಎತ್ತಿ ರೈತರಿಗೆ ಕೊಡಲಿಕ್ಕೆ. ನಾನು ಗುಬ್ಬಿಯವನು, ಹೊಸದಾಗಿ ಟೈಪಿಂಗ್ ಪಾಸು ಮಾಡಿದ್ದೆ, ಅಲ್ಲಿ ಟೆಂಪರರಿ ಗುಮಾಸ್ತನಾಗಿ ಸೇರಿಕೊಂಡಿದ್ದೆ. ಗಾಜಿನೊಳಗೆ ಗಿಡ ಬೆಳೆಸುವುದು ನನಗೆ ದೊಡ್ಡ ತಮಾಷೆಯಾಗಿ ಕಂಡಿತ್ತು.

ಟೊಮ್ಯಾಟೊ ಗಿಡದಲ್ಲಿ ಕೈಯಾಡಿಸಿದವರಿಗೆ ಗೊತ್ತು, ಬೆರಳಿಗೆ ಒಂದು ಹಸಿರು ಜಿಡ್ಡು ಮೆತ್ತುತ್ತದೆ, ಒಣಗಿದರೆ ಕರ್ರಗಾಗುತ್ತದೆ, ಸೋಪಿಗೆ ಬಗ್ಗುವುದಿಲ್ಲ. ಮೇಸ್ತ್ರಿ ಸಂಜೆ ಕೆಳಗೆ ಬಿದ್ದ ಒಂದು ಹಸಿ ಕಾಯಿಯನ್ನು ಹಿಸುಕಿ ಅದರ ರಸದಲ್ಲೇ ಕೈ ಉಜ್ಜಿಕೊಳ್ಳುತ್ತಿದ್ದರು. ಜಿಡ್ಡು ಬಿಟ್ಟುಕೊಳ್ಳುತ್ತಿತ್ತು. ಅದೇ ಗಿಡದ ಕೊಳೆಯನ್ನು ಅದೇ ಗಿಡದ ಕಾಯಿಯಲ್ಲಿ ತೊಳೆಯುವ ಈ ವಿದ್ಯೆ ಅವರು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಇದನ್ನು ಕಂಡ ಹಿಂದಿನ ಸಾಹೇಬರೊಬ್ಬರು, ಸರ್ಕಾರದ ಕಾಯಲ್ಲಿ ಕೈ ತೊಳೀತೀಯಾ ಎಂದು ಗದರಿದ್ದರಂತೆ. ಅಂದಿನಿಂದ ಅವರು ಆ ಕೆಲಸವನ್ನು ಗೋಡೆಯ ಮರೆಗೆ ಹೋಗಿ ಮಾಡುತ್ತಿದ್ದರು.

ವಿಚಿತ್ರವೆಂದರೆ ಅವರಿಗೆ ಟೊಮ್ಯಾಟೊ ರುಚಿಸುತ್ತಿರಲಿಲ್ಲ. ಹುಣಸೆಹಣ್ಣು ಮನೆಯಲ್ಲಿರುವಾಗ ಸಾರಿಗೆ ಇದನ್ನು ಯಾಕೆ ಹಾಕಬೇಕು ಎಂಬುದು ಅವರ ವಾದ. ಆದರೂ ಒಂದೊಂದು ಗಿಡವನ್ನೂ ಹೆಣ್ಣುಮಕ್ಕಳಿಗೆ ಜಡೆ ಹಾಕುವಂತೆ ದಾರಕ್ಕೆ ಸುತ್ತಿ ಮೇಲಕ್ಕೆ ಹಬ್ಬಿಸುತ್ತಿದ್ದರು. ಬೆಳಗ್ಗೆ ಹತ್ತರ ಹೊತ್ತಿಗೆ, ಹೂವಿನ ತೇವ ಆರಿದ ಮೇಲೆ, ಒಂದು ಬಿದಿರು ಕಡ್ಡಿ ಹಿಡಿದು ಸಾಲು ಸಾಲಿಗೆ ಹೋಗಿ ಪ್ರತಿ ದಾರವನ್ನೂ ಎರಡು ಸಲ ತಟ್ಟುತ್ತಿದ್ದರು. ಗಿಡ ಅಲುಗುತ್ತಿತ್ತು, ಹೂವಿನೊಳಗಿನ ಹುಡಿ ಉದುರಿ ಕಾಯಿ ಕಟ್ಟುತ್ತಿತ್ತು. ಇದೇನು ಆಟ ಎಂದು ಕೇಳಿದ್ದಕ್ಕೆ, 'ಒಳ್ಗೆ ಗಾಳಿ ಬರಲ್ವಲ್ಲ ಸ್ವಾಮಿ, ಗಾಳಿ ಕೆಲ್ಸಾನೂ ನಾವೇ ಮಾಡ್ಬೇಕು' ಅಂದಿದ್ದರು. ಒಂದು ದಿನ ಜ್ವರ ಬಂದು ಮಲಗಿದ್ದಾಗ ಕೂಡ, ದಾರ ತಟ್ಟಿದ್ರಾ ಎಂದು ಹೆಂಡತಿಯನ್ನು ಆಫೀಸಿಗೆ ಕಳಿಸಿ ಕೇಳಿಸಿದ್ದರು. ಆಯಮ್ಮ ನಾಚಿಕೊಂಡು ಬಾಗಿಲಲ್ಲೇ ನಿಂತು ಕೇಳಿತು. ಯಾರೂ ತಟ್ಟಿರಲಿಲ್ಲ. ನಾನು ಎದ್ದುಹೋಗಿ ತಟ್ಟಿ ಬಂದೆ.

ಒಂದು ಥರ್ಮಾಮೀಟರೂ ಇತ್ತು. ಅದು ಗಾಜಿನ ಮನೆಯಲ್ಲಿರಲಿಲ್ಲ. ಕಳುವಾದೀತೆಂದು ಸಾಹೇಬರ ಕೋಣೆಯಲ್ಲಿ, ಫ್ಯಾನಿನ ಕೆಳಗೆ, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದರು. ದಿನಾ ಮೂರು ಹೊತ್ತು ಅಲ್ಲಿನ ಶಾಖವನ್ನು ನಾನು ರಿಜಿಸ್ಟರಿನಲ್ಲಿ ಗಾಜಿನ ಮನೆಯ ಶಾಖವೆಂದು ಬರೆಯುತ್ತಿದ್ದೆ. ಹೇಳಿದ್ದನ್ನು ಬರೆದೆ ಎಂದು ನನ್ನ ಸಮರ್ಥನೆ. ಮೇಸ್ತ್ರಿ ಎಲೆ ನೋಡಿ ಶಾಖ ಹೇಳುತ್ತಿದ್ದರು. ಸೆಕೆ ಹೆಚ್ಚಾದರೆ ಟೊಮ್ಯಾಟೊ ಎಲೆ ಎರಡೂ ಅಂಚು ಮೇಲಕ್ಕೆತ್ತಿ ಮಡಚಿಕೊಳ್ಳುತ್ತದೆ. 'ಎಲೆ ಕೈ ಮುಗೀತೈತೆ, ಕಿಟಕಿ ತೆಗೀಬೇಕು' ಎಂದು ಓಡುತ್ತಿದ್ದರು.

ಅವರ ನಿಜವಾದ ಕಸುಬು ಕಾಣುತ್ತಿದ್ದದ್ದು ಬೆಳೆ ಮುಗಿಯುವ ಕಾಲದಲ್ಲಿ. ಗೌರಿ ಹಬ್ಬದ ಸುಮಾರಿಗೆ ನಾಟಿ, ಸಂಕ್ರಾಂತಿಗೆ ಭರ್ತಿ ಕಾಯಿ, ಯುಗಾದಿಗೆ ಮುಕ್ತಾಯ, ಇದು ಅಲ್ಲಿನ ಲೆಕ್ಕ. ಶಿವರಾತ್ರಿ ಬಂತೆಂದರೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದಲ್ಲ, ಮಾರನೆಯ ದಿನವೇ ಮೇಸ್ತ್ರಿ ಹೆಬ್ಬೆರಳ ಉಗುರಿನಿಂದ ಗಿಡಗಳ ತುದಿ ಚಿವುಟಲು ಶುರುಮಾಡುತ್ತಿದ್ದರು. ಕೊನೆಯ ಗೊಂಚಲಿನ ಮೇಲೆ ಎರಡು ಎಲೆ ಬಿಟ್ಟು ಉಳಿದ ತುದಿ ಹೋಯಿತು. ಅದರ ಮೇಲೆ ಬರುವ ಹೂವೆಲ್ಲ ಹೋಯಿತು. ಬುಡದ ಹಳದಿ ಎಲೆ ಹೋಯಿತು. ನೀರಿನ ಕೈಯೂ ಬಿಗಿಯಾಯಿತು. ಮೊದಲ ವರ್ಷ ಇದನ್ನು ನೋಡಿ ನನಗೆ ಹೊಟ್ಟೆ ಉರಿದಿತ್ತು, ಬಂಗಾರದಂಥ ಹೂವನ್ನು ಕಿತ್ತು ಬಿಸಾಕುತ್ತಾರಲ್ಲ ಅಂತ. ಹಾಗೆಂದು ಕೇಳಿಯೂ ಬಿಟ್ಟೆ.

'ಈಗ ಬುಟ್ಟ ಹೂವು ಯಾವಾಗ ಕಾಯಾಗೋದು, ಯಾವಾಗ ಹಣ್ಣಾಗೋದು ಸ್ವಾಮಿ? ಯುಗಾದಿ ಬಿಸ್ಲು ಅದ್ಕೆ ಟೈಮ್ ಕೊಡಲ್ಲ. ಕಟ್ಟಿರೋ ಕಾಯಿ ನೆಟ್ಟಗೆ ಹಣ್ಣಾಗ್ಲಿ, ಬೀಜ ಬಲೀಲಿ' ಅಂದರು. ಮತ್ತೆ ಚಿವುಟುತ್ತಾ ಮುಂದಿನ ಸಾಲಿಗೆ ಹೋದರು.

ಅದರ ಜೊತೆಗೇ ಸುಣ್ಣದ ಕೆಲಸ. ಸುಟ್ಟ ಸುಣ್ಣವನ್ನು ನೀರಿಗೆ ಹಾಕಿ, ಅಂಟಿಕೊಳ್ಳಲೆಂದು ಒಂದಿಷ್ಟು ಗಂಜಿ ಬೆರೆಸಿ, ಏಣಿ ಹತ್ತಿ ಕತ್ತಾಳೆ ನಾರಿನ ಕುಂಚದಲ್ಲಿ ಸೂರಿನ ಗಾಜಿಗೆಲ್ಲ ತೆಳ್ಳಗೆ ಬಳಿಯುತ್ತಿದ್ದರು. ಬಿಸಿಲು ಒಳಗೆ ಬರುವಾಗ ಮೆತ್ತಗಾಗುತ್ತಿತ್ತು. ಹೊರಗೆ ಮಾರ್ಚ್ ತಿಂಗಳ ಕುಣಿಗಲ್ ಬಿಸಿಲು, ಒಳಗೆ ಹಾಲಿನಂಥ ಬೆಳಕು. ಮೇಲೆ ಕಿಟಕಿಗಳೆಲ್ಲ ತೆರೆದಿರುತ್ತಿದ್ದವು. ಆ ಬೆಳಕಿನಲ್ಲಿ ಕೊನೆಯ ಕಾಯಿಗಳು ನಿಧಾನವಾಗಿ, ಒಂದೂ ಒಡೆಯದೆ, ಕೆಂಪಗಾಗುವುದನ್ನು ನಾನು ಎರಡು ವರ್ಷ ಕಣ್ಣಾರೆ ಕಂಡಿದ್ದೇನೆ. ಬೀಜಕ್ಕೆ ಅವೇ ಎಲ್ಲಕ್ಕಿಂತ ಒಳ್ಳೆಯ ಕಾಯಿಗಳು.

ಮೂರನೆಯ ವರ್ಷ ಇಬ್ಬರಿಗೂ ಒಂದು ಆಸೆ ಹುಟ್ಟಿತು. ಟೆಂಪರರಿಯವರನ್ನು ಖಾಯಂ ಮಾಡುತ್ತಾರೆಂದು ಮೇಲಿನಿಂದ ಲಿಸ್ಟು ಕೇಳಿ ಕಾಗದ ಬಂತು. ನಮ್ಮ ಫಾರಂನಿಂದ ಎರಡೇ ಹೆಸರು ಹೋಗಬೇಕಿತ್ತು: ಮೇಸ್ತ್ರಿಯದು, ನನ್ನದು. ಲಿಸ್ಟು ಟೈಪು ಮಾಡಿದವನು ನಾನೇ. ಮೇಸ್ತ್ರಿಗೆ ಹೇಳಿದಾಗ ಅವರು ಕೈಯಲ್ಲಿದ್ದ ದಾರದ ಉಂಡೆಯನ್ನು ಕೆಳಗಿಟ್ಟು ಗೋಡೆಯ ಅಂಚಿನ ಮೇಲೆ ಕೂತರು. ಅವರ ವಯಸ್ಸು ಆಗಲೇ ಐವತ್ತರ ಹತ್ತಿರ. ಖಾಯಂ ಆದರೆ ಏನು ಸಿಗುತ್ತೆ, ಎಷ್ಟು ಸಿಗುತ್ತೆ ಎಂದು ಒಂದು ಮಾತೂ ಕೇಳಲಿಲ್ಲ. 'ಹಂಗಾರೆ ನಾಳೆಯಿಂದ ಬರ್ಬ್ಯಾಡ ಅಂತ ಯಾವನೂ ಅನ್ನಂಗಿಲ್ಲ, ಅಲ್ವಾ?' ಎಂದರು. ಅನ್ನುವಂತಿಲ್ಲ ಅಂದೆ. ಅದೊಂದನ್ನೇ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಲಿಸ್ಟಿಗೆ ಸಾಹೇಬರ ಸಹಿ ಮಾತ್ರ ಬಾಕಿ ಇತ್ತು.

ಆ ಸಾಹೇಬರು ಅದೇ ವರ್ಷ ಬಂದವರು. ತುಮಕೂರಿನ ಸದಾಶಿವನಗರದಲ್ಲಿ ಸ್ವಂತ ಮನೆ, ದಿನಾ ಜೀಪಿನಲ್ಲಿ ಓಡಾಟ. ಹೊರದೇಶದಲ್ಲಿ ಆರು ತಿಂಗಳು ಟ್ರೈನಿಂಗ್ ಮುಗಿಸಿ ಬಂದಿದ್ದರು. ಟೊಮ್ಯಾಟೊವನ್ನು ಅಲ್ಲಿ ಹೇಗೆ ಬೆಳೆಯುತ್ತಾರೆ, ಇಲ್ಲಿ ಹೇಗೆ ಹಾಳುಮಾಡುತ್ತಾರೆ ಎಂಬುದು ಅವರ ದಿನದ ಭಾಷಣ. ಅಲ್ಲಿಂದ ತಂದ ಒಂದು ಕಿರುಪುಸ್ತಕ ಸದಾ ಅವರ ಮೇಜಿನ ಮೇಲಿತ್ತು. ಮಾರ್ಚ್ ತಿಂಗಳಲ್ಲಿ, ಬೆಂಗಳೂರಿನಿಂದ ದೊಡ್ಡ ಅಧಿಕಾರಿಗಳು ಬರುವ ಸೋಮವಾರ ಗೊತ್ತಾದ ಮೇಲೆ, ನನ್ನನ್ನು ಕರೆದು ಆ ಪುಸ್ತಕದ ಒಂದು ಅಧ್ಯಾಯ ತೋರಿಸಿದರು. ಬೆಳೆಯ ಕೊನೆಗಾಲದ ಆರೈಕೆ ಎಂದು ಅದರ ವಿಷಯ. ಅದನ್ನು ಕನ್ನಡ ಮಾಡಿ ಗಾಜಿನ ಮನೆಯ ಬಾಗಿಲಿಗೆ ಅಂಟಿಸು, ಹಾಗೇ ಕೆಲಸ ನಡೆಯಲಿ ಅಂದರು.

ನಾನು ಉಬ್ಬಿಹೋದೆ. ಇಂಗ್ಲಿಷನ್ನು ಕನ್ನಡ ಮಾಡುವವನು ಆ ಫಾರಂನಲ್ಲಿ ನಾನೊಬ್ಬನೇ ಎಂಬ ಜಂಬ ಬೇರೆ. ಒಂದು ಮಧ್ಯಾಹ್ನ ಕೂತು ಸೊಗಸಾಗಿ ಬರೆದೆ. ತುದಿ ಚಿವುಟಿ, ಹೊಸ ಹೂವು ತೆಗೆಯಿರಿ, ನೀರು ಕಡಿಮೆ ಮಾಡಿ. ಇವೆಲ್ಲ ಮೇಸ್ತ್ರಿ ಮಾಡುತ್ತಿದ್ದವೇ. ಆಮೇಲೆ ಇನ್ನೆರಡು ಸಾಲು: ಗಾಜಿನ ಮೇಲಿನ ಸುಣ್ಣವನ್ನು ಪೂರ್ತಿ ತೊಳೆದು ಬಿಸಿಲನ್ನು ಒಳಗೆ ಬಿಡಿ. ಕಿಟಕಿಗಳನ್ನು ಮುಚ್ಚಿ ಒಳಗಿನ ಶಾಖ ಹೊರಹೋಗದಂತೆ ನೋಡಿಕೊಳ್ಳಿ. ಬರೆದ ಕೈಗೂ ತಲೆಗೂ ಸಂಬಂಧವೇ ಇಲ್ಲದವನಂತೆ ಬರೆದೆ. ತಂದು ಮೇಸ್ತ್ರಿಗೆ ಗಟ್ಟಿಯಾಗಿ ಓದಿ ಹೇಳಿದೆ.

ಅವರು ಮೊದಲು ನಕ್ಕರು. ನಾನು ತಮಾಷೆಗೆ ಸೇರಿಸಿದ್ದೇನೆ ಅಂದುಕೊಂಡಿರಬೇಕು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. 'ಇದನ್ನ ಬರ್ದೋರ ಊರಲ್ಲಿ ಬೆಳೆ ಯಾವಾಗ ಮುಗೀತದೆ ಸ್ವಾಮಿ? ಬಿಸ್ಲಲ್ಲೋ, ಚಳೀಲೋ?' ಎಂದು ಕೇಳಿದರು.

ನಾನು ಮತ್ತೆ ಪುಸ್ತಕ ತಿರುವಿ ನೋಡಿದೆ. ಮೊದಲ ಪುಟದಲ್ಲೇ ಇತ್ತು. ಅಲ್ಲಿ ಬೆಳೆ ಮುಗಿಯುವುದು ಹಿಮ ಬೀಳುವ ಮುಂಚೆ, ಸೂರ್ಯ ಮಂಕಾಗುವ ತಿಂಗಳುಗಳಲ್ಲಿ. ಇದ್ದಷ್ಟು ಬಿಸಿಲನ್ನು ಒಳಗೆ ಬಿಟ್ಟುಕೊಂಡು, ಇದ್ದಷ್ಟು ಶಾಖವನ್ನು ಬಚ್ಚಿಟ್ಟುಕೊಂಡರೇ ಅವರ ಕಾಯಿ ಹಣ್ಣಾಗುವುದು. ಪುಸ್ತಕ ತನ್ನ ಊರಿಗೆ ಸರಿಯಾಗಿಯೇ ಹೇಳಿತ್ತು. ನಾವು ಅದನ್ನು ತಂದು ಯುಗಾದಿಯ ಬಿಸಿಲಿಗೆ ಅಂಟಿಸಲು ಹೊರಟಿದ್ದೆವು. ಒಂದಕ್ಷರ ಇಂಗ್ಲಿಷ್ ಬಾರದ ಮನುಷ್ಯನಿಗೆ ಒಂದೇ ಸಲ ಕೇಳಿ ಹೊಳೆದದ್ದು, ಆರು ತಿಂಗಳು ಅಲ್ಲೇ ಇದ್ದು ಬಂದವರಿಗೆ ಹೊಳೆದಿರಲಿಲ್ಲ. ಅದನ್ನು ಪದಕ್ಕೆ ಪದ ಕನ್ನಡ ಮಾಡಿದ ನನಗೂ ಹೊಳೆದಿರಲಿಲ್ಲ.

ಇಬ್ಬರೂ ಸಾಹೇಬರ ಕೋಣೆಗೆ ಹೋದೆವು. ಮೇಸ್ತ್ರಿ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತರು. ಅದು ಚಳಿ ದೇಶದ ಮಾತು ಸಾರ್ ಎಂದು ನಾನು ಮೆಲ್ಲಗೆ ಅಂದೆ. ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. 'ನಿನಗೆ ಟ್ರಾನ್ಸ್‌ಲೇಟ್ ಮಾಡು ಅಂದಿದ್ದೆ ಕಣಯ್ಯ, ಯೋಚ್ನೆ ಮಾಡು ಅಂದಿರ್ಲಿಲ್ಲ' ಅಂದರು. ಆಮೇಲೆ ಮೇಜಿನ ಮೇಲಿದ್ದ ಲಿಸ್ಟನ್ನು ಬೆರಳಲ್ಲಿ ಒಂದು ಸಲ ಅತ್ತ ಸರಿಸಿದರು, ಅಷ್ಟೇ. ಮಾತೇ ಬೇಕಾಗಲಿಲ್ಲ. ನಾನು ಸುಮ್ಮನಾದೆ. ಮೇಸ್ತ್ರಿ ಮಾತ್ರ ಬಾಗಿಲಲ್ಲೇ ನಿಂತು, ಸುಣ್ಣ ತೊಳೆದ್ರೆ ಕಾಯಿ ಬೇಯ್ತದೆ ಬುದ್ಧಿ, ಎಂದು ಎರಡು ಸಲ ಹೇಳಿದರು. ಸಾಹೇಬರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

ಸುಣ್ಣ ತೊಳೆಯಲು ಮೇಸ್ತ್ರಿ ಏಣಿ ಹತ್ತಲಿಲ್ಲ. ಸಾಹೇಬರು ಬೇರೆ ಕೂಲಿಯವರನ್ನು ಹತ್ತಿಸಿ ತೊಳೆಸಿದರು. ಗಾಜು ಮಿರಮಿರ ಮಿಂಚಿತು, ಸಾಹೇಬರಿಗೆ ಬಹಳ ಸಂತೋಷವಾಯಿತು. ಕಿಟಕಿಗಳನ್ನು ಮುಚ್ಚಿಸಿದರು. ಸಾಹೇಬರ ಜೀಪು ತುಮಕೂರಿನ ದಾರಿ ಹಿಡಿದ ಕೂಡಲೇ ಮೇಸ್ತ್ರಿ ಅವನ್ನು ತೆರೆಯುತ್ತಿದ್ದರು, ಬೆಳಗ್ಗೆ ಜೀಪು ಬರುವ ಮುಂಚೆ ಮುಚ್ಚುತ್ತಿದ್ದರು. ಮಧ್ಯಾಹ್ನದಲ್ಲಿ ಸಾಹೇಬರು ಊಟಕ್ಕೆ ಕೂತಾಗ ಇನ್ನೊಂದು ಅರ್ಧ ಗಂಟೆ. ಹೀಗೆ ಕಳ್ಳತನದಲ್ಲಿ ಗಿಡಗಳಿಗೆ ಗಾಳಿ ಕುಡಿಸಿ ಮೂರು ದಿನ ಉಳಿಸಿಕೊಂಡರು. ಶುಕ್ರವಾರ ಸಿಕ್ಕಿಬಿದ್ದರು. ಶನಿವಾರ ಅರ್ಧ ದಿನದ ಆಫೀಸು ಮುಗಿದಾಗ ಸಾಹೇಬರು ಕಿಟಕಿಯ ಹಿಡಿಕೆಗಳಿಗೆ ತಂತಿ ಬಿಗಿಸಿ, ಬಾಗಿಲಿಗೆ ಬೀಗ ಜಡಿದು, ಸೋಮವಾರದ ತನಕ ಒಂದು ನರಪಿಳ್ಳೆಯೂ ಒಳಗೆ ಹೋಗಕೂಡದು ಎಂದು ಬೀಗದ ಕೈಯನ್ನು ಜೇಬಿಗಿಳಿಸಿ ತುಮಕೂರಿಗೆ ಹೋದರು. ಏಣಿಯೂ ಒಳಗೇ ಉಳಿಯಿತು.

ಭಾನುವಾರ ಬೆಳಕು ಹರಿಯುವ ಮುಂಚೆ ಮೇಸ್ತ್ರಿ ಕುಣಿಗಲ್ ಪೇಟೆಯಲ್ಲಿದ್ದ ನನ್ನ ಬಾಡಿಗೆ ಕೋಣೆಯ ಬಾಗಿಲು ಬಡಿದರು. ನಿನ್ನೆ ಸಂಜೆ ಗಾಜಿನ ಹೊರಗಿನಿಂದಲೇ ನೋಡಿದ್ದರಂತೆ, ಎಲೆಯೆಲ್ಲ ಕೈ ಮುಗಿದು ಜೋಲು ಬಿದ್ದಿತ್ತಂತೆ. ಇವತ್ತು ಇನ್ನೊಂದು ಹಗಲು ಹಾಗೇ ಹೋದರೆ ಒಂದೂ ಉಳಿಯಲ್ಲ, ಬೀಗ ಒಡೆಯೋಣ, ನೀವು ಹೂಂ ಅನ್ನಿ ಸಾಕು ಅಂದರು. ಅವರಿಗೆ ಬೇಕಾಗಿದ್ದು ನನ್ನ ಒಂದು ಹೂಂ. ನಾನು ಕೊಟ್ಟದ್ದು ಒಂದು ಕಾಗದ. ಮಾನ್ಯರೇ ಎಂದು ಶುರುಮಾಡಿ, ತಮ್ಮ ವಿಧೇಯ ಎಂದು ಮುಗಿಸಿ, ನಡುವೆ ಬೀಗದ ಕೈ ದಯಪಾಲಿಸಬೇಕೆಂದು ಬೇಡಿಕೊಂಡ ಕಾಗದ. ಗಿಡ ಬೇಯುತ್ತಿದ್ದರೂ ನನ್ನ ಕೈಗೆ ಮೊದಲು ಸಿಕ್ಕಿದ್ದು ಪೆನ್ನು. ಈಗ ನೆನೆದರೆ ಸಾಹೇಬರ ಮೇಲೆ ಬಂದಷ್ಟೇ ಸಿಟ್ಟು ನನ್ನ ಮೇಲೂ ಬರುತ್ತದೆ.

ಮೇಸ್ತ್ರಿ ಮೊದಲ ಬಸ್ಸಿಗೆ ತುಮಕೂರಿಗೆ ಹೋದರು. ಸದಾಶಿವನಗರದ ಮನೆಯನ್ನು ಕೇಳಿಕೊಂಡು ಹುಡುಕಿದರು. ಸಾಹೇಬರು ಬೆಂಗಳೂರಿಗೆ ಮದುವೆಗೆ ಹೋಗಿದ್ದಾರೆ, ಬೀಗದ ಕೈ ವಿಷಯ ನಮಗೆ ಗೊತ್ತಿಲ್ಲ ಎಂದು ಮನೆಯವರು ಗೇಟಿನಲ್ಲೇ ಹೇಳಿ ಕಳಿಸಿದರು. ಕಾಗದವನ್ನು ಯಾರೂ ಒಳಗೆ ಇಸಿದುಕೊಳ್ಳಲಿಲ್ಲ. ಅವರು ವಾಪಸು ಬಂದಿಳಿದಾಗ ನಡುಮಧ್ಯಾಹ್ನ. ನನ್ನ ಕೋಣೆಗೆ ಬರಲಿಲ್ಲ, ನೇರ ಫಾರಂಗೆ ಹೋದರು. ಮನಸ್ಸು ತಡೆಯದೆ ನಾನೂ ಅಲ್ಲಿಗೆ ಹೋಗುವ ಹೊತ್ತಿಗೆ ಗಾಜು ಒಡೆಯುವ ಸದ್ದು ಕೇಳಿಸಿತು.

ಬೀಗ ಕಲ್ಲೇಟಿಗೆ ಬಗ್ಗಿರಲಿಲ್ಲ. ಪಡುವಣ ಮಗ್ಗುಲಿನಲ್ಲಿ, ಕೈಗೆಟಕುವ ಎತ್ತರದ ಗಾಜುಗಳನ್ನು ಅವರು ಕಲ್ಲಿನಿಂದ ಒಡೆಯುತ್ತಿದ್ದರು. ಒಡೆದ ಕಿಂಡಿಯಿಂದ ಬಂದ ಝಳಕ್ಕೆ ನಾನು ಹಿಂದೆ ಸರಿದೆ. ಬೇಯಿಸಿದ ಸೊಪ್ಪಿನ ವಾಸನೆ. ಅವರು ಅದೇ ಕಿಂಡಿಗಳಿಂದ ಬಿಂದಿಗೆಯಲ್ಲಿ ನೀರು ಎರಚುತ್ತಿದ್ದರು, ಮತ್ತೆ ಕಲ್ಲು ಎತ್ತಿಕೊಳ್ಳುತ್ತಿದ್ದರು. ಮೊಣಕೈ ಕುಯ್ದು ರಕ್ತ ಸುರಿಯುತ್ತಿತ್ತು. ನಾಲ್ಕು ಗಾಜು ಆಗಿತ್ತು. ಐದನೆಯದಕ್ಕೆ ಕೈ ಎತ್ತಿದಾಗ ನಾನು ಓಡಿಹೋಗಿ ಅವರ ಕೈ ಹಿಡಿದುಕೊಂಡೆ. ಸರ್ಕಾರದ ಗಾಜು ಮೇಸ್ತ್ರಿ, ಸಾಕು, ಇಬ್ಬರೂ ಹಾಳಾಗ್ತೀವಿ ಅಂದೆ. ಅವರು ನನಗಿಂತ ಗಟ್ಟಿ ಆಳು, ಕೊಡವಿಕೊಂಡಿದ್ದರೆ ನಾನು ನಾಲ್ಕು ಮಾರು ದೂರ ಬೀಳುತ್ತಿದ್ದೆ. ಕೊಡವಲಿಲ್ಲ. ನನ್ನ ಮುಖ ನೋಡಿ ಕಲ್ಲು ಕೆಳಗೆ ಹಾಕಿದರು. ಸಂಜೆಯ ತನಕ ಆ ನಾಲ್ಕು ಕಿಂಡಿಗಳಿಂದಲೇ ನೀರು ಎರಚಿದರು.

ಸೋಮವಾರ ಬಾಗಿಲು ತೆಗೆದಾಗ ಒಳಗೆ ಕಂಡದ್ದನ್ನು ನಾನು ಮರೆಯಲಾರೆ. ಸಾಲಿಗೆ ಸಾಲೇ ದಾರಕ್ಕೆ ನೇತುಬಿದ್ದಿತ್ತು. ಬಿಸಿಲು ಬಿದ್ದ ಮಗ್ಗುಲಲ್ಲಿ ಕಾಯಿಗಳೆಲ್ಲ ಬೆಂದು ಬೆಳ್ಳಗಾಗಿದ್ದವು. ಪಡುವಣ ಮಗ್ಗುಲಲ್ಲಿ, ಒಡೆದ ನಾಲ್ಕು ಗಾಜಿನ ನೇರಕ್ಕೆ, ಏಳು ಗಿಡ ಮಾತ್ರ ಎಲೆ ಬಿಚ್ಚಿಕೊಂಡು ಹಸಿರಾಗಿ ನಿಂತಿದ್ದವು. ಕೆಂಪು ತಿರುಗುತ್ತಿದ್ದ ಕಾಯಿ ಒಂದೂ ಕೆಟ್ಟಿರಲಿಲ್ಲ. ಕಣ್ಣಿದ್ದವನಿಗೆ ಬೇರೆ ಸಾಕ್ಷಿ ಬೇಡ. ಗಾಳಿ ಸಿಕ್ಕಿದ್ದು ಬದುಕಿತ್ತು, ಸಿಗದಿದ್ದು ಸತ್ತಿತ್ತು.

ಬೆಂಗಳೂರಿನಿಂದ ಬಂದ ಮೂವರು ದೊಡ್ಡವರು ಆ ಏಳು ಗಿಡಗಳ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ವಿಚಾರಣೆ ನಡೆಸಿದರು. ಬೇರೆಡೆ ಕೂರಲು ವಾಸನೆ ತಡೆಯಲಾಗುತ್ತಿರಲಿಲ್ಲ. ದಿನಗೂಲಿಯವನೊಬ್ಬ ಗಾಜು ಒಡೆದ, ಹೊರಗಿನ ಬಿಸಿಗಾಳಿ ಒಳಗೆ ನುಗ್ಗಿ ಬೆಳೆ ಸುಟ್ಟಿತು ಎಂದು ಸಾಹೇಬರು ವಿವರಿಸಿದರು. ಬಿಸಿಗಾಳಿ ನುಗ್ಗಿದ ಜಾಗದ ಗಿಡ ಮಾತ್ರ ಹೇಗೆ ಉಳಿಯಿತು ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಆ ಗಾದೆಯೂ ಇಲ್ಲಿ ಸಾಲದು. ಇಲ್ಲಿ ಜ್ವರ ತರಿಸಿದವರೇ ಬರೆ ಹಾಕಲು ನಿಂತಿದ್ದರು.

ಮೇಸ್ತ್ರಿಯನ್ನು ಕರೆದರು. ಗಾಜು ಒಡೆದದ್ದು ನಾನೇ ಎಂದು ಅವರು ಒಪ್ಪಿಕೊಂಡರು. ಯಾಕೆ ಎಂದು ಹೇಳಲು ಬಾಯಿ ತೆಗೆದಾಗ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಎಂದು ದೊಡ್ಡವರು ತಡೆದರು. ಆಮೇಲೆ ನನ್ನ ಸರದಿ. ಇವನು ಗಾಜು ಒಡೆದದ್ದನ್ನು ನೀನು ನೋಡಿದೆಯಾ ಎಂದು ಒಂದೇ ಪ್ರಶ್ನೆ. 'ಹೌದು ಸಾರ್' ಅಂದೆ. ಬೀಗ ಯಾರು ಹಾಕಿದರು, ಕೀಲಿ ಎಲ್ಲಿತ್ತು, ಸುಣ್ಣ ಯಾರು ತೊಳೆಸಿದರು, ಯಾವುದನ್ನೂ ಅವರು ಕೇಳಲಿಲ್ಲ. ಕೇಳದೆಯೂ ಹೇಳಬಹುದಿತ್ತು. ಸಹಿ ಬೀಳದ ಲಿಸ್ಟು ನನ್ನ ಕಣ್ಣ ಮುಂದಿತ್ತು, ನಾನು ಹೇಳಲಿಲ್ಲ. ವಿಚಾರಣೆ ಮುಗಿದು, ಬೆಳೆ ಸಂಪೂರ್ಣ ನಾಶ ಎಂದು ಬರೆದಾದ ಮೇಲೆ, ದೊಡ್ಡವರು ಹೊರಡುವಾಗ ಆ ಏಳು ಗಿಡದ ಹಣ್ಣು ಕೀಳಿಸಿ ಬುಟ್ಟಿ ತುಂಬಿಸಿ ಜೀಪಿಗೆ ಇಡಿಸಿಕೊಂಡರು. ಕಿತ್ತುಕೊಟ್ಟವರು ಮೇಸ್ತ್ರಿಯೇ, ಮೊಣಕೈಗೆ ಬಟ್ಟೆ ಸುತ್ತಿಕೊಂಡು. ಬೀಜಕ್ಕೆ ಎರಡು ಹಣ್ಣು ಬಿಡಿ ಬುದ್ಧಿ ಎಂದು ಕೇಳಿದರು. ಬಿಡಲಿಲ್ಲ.

ಸರ್ಕಾರಿ ಸ್ವತ್ತಿಗೆ ಉದ್ದೇಶಪೂರ್ವಕ ಹಾನಿ, ಬೆಳೆ ನಾಶಕ್ಕೆ ಕಾರಣ, ಅವಿಧೇಯತೆ. ಅವರ ಹೆಸರಿನ ಮುಂದೆ ಟೈಪಿಸಿದ್ದು ಇಷ್ಟು. ಸಾಹೇಬರು ಹೇಳುತ್ತ ಹೋದರು, ನಾನು ಬಡಿಯುತ್ತ ಹೋದೆ, ಒಂದು ತಪ್ಪೂ ಬೀಳದಂತೆ. ಯಾರೂ ಅನ್ನುವಂತಿಲ್ಲ ಎಂದು ನಾನು ಎರಡು ಸಲ ಖಾತ್ರಿ ಕೊ‌ಟ್ಟಿದ್ದ ಮಾತನ್ನು, ನಾಳೆಯಿಂದ ಬರಬೇಡ ಎಂಬ ಮಾತನ್ನು, ಆ ಸಂಜೆ ಅವರಿಗೆ ಅಂದರು. ಲಿಸ್ಟು ನನ್ನ ಒಂದೇ ಹೆಸರು ಹೊತ್ತು ಮೇಲೆ ಹೋಯಿತು. ಯುಗಾದಿಯಾದ ಮೇಲೆ ನನ್ನ ಖಾಯಂ ಆರ್ಡರ್ ಬಂತು. ನಮ್ಮ ಮನೆಯಲ್ಲಿ ಒಬ್ಬಟ್ಟು ಮಾಡಿದ್ದರು.

ಮೂರ್ನಾಲ್ಕು ವರ್ಷದ ಮೇಲೆ ಒಮ್ಮೆ ಗುಬ್ಬಿ ಸಂತೆಯಲ್ಲಿ ಅವರು ಸಿಕ್ಕರು. ಬೆಳ್ಳಾವಿ ಹತ್ತಿರ ಯಾರದೋ ಹೊಲದಲ್ಲಿ ಪಾಲಿಗೆ ಟೊಮ್ಯಾಟೊ, ಮೆಣಸಿನಕಾಯಿ ಬೆಳೆದು ಗೋಣಿ ಹಾಸಿ ಮಾರುತ್ತಿದ್ದರು. ನಾನು ತಪ್ಪಿಸಿಕೊಂಡು ಹೋಗುವುದರಲ್ಲಿದ್ದೆ, ಅವರೇ ಕರೆದರು. ಮದ್ವೆ ಆಯ್ತಾ ಸ್ವಾಮಿ, ಮಕ್ಕಳೆಷ್ಟು ಎಂದು ಕೇಳಿದರು. ನನಗೆ ತಡೆಯಲಾಗಲಿಲ್ಲ. ಅವತ್ತು ನಾನು ಹೇಳಬೇಕಿತ್ತು ಮೇಸ್ತ್ರಿ ಅಂದೆ. 'ನಿಮ್ಮನ್ನ ಕೇಳಿದ್ದು ಒಂದೇ ಮಾತು, ನೀವು ಹೇಳಿದ್ರಿ. ಅದ್ರಲ್ಲಿ ಸುಳ್ಳೇನಿತ್ತು, ಬುಡಿ' ಅಂದರು. ಕ್ಷಮಿಸಿದರೋ, ತಿವಿದರೋ ಇಂದಿಗೂ ತಿಳಿಯದು. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ. ಆರಿಸಿ ಆರಿಸಿ ಗಟ್ಟಿ ಹಣ್ಣುಗಳನ್ನು ನನ್ನ ಚೀಲಕ್ಕೆ ಹಾಕಿದರು. ಆ ಬಾಗಿದ ಬೆನ್ನನ್ನು ನೋಡುತ್ತಾ ನಿಂತಿದ್ದೆ.

ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಸಾವಿನ ಸುದ್ದಿ ಕೇಳಿದ ದಿನ ನಾನು ಮನೆಗೆ ಹೋಗಲಿಲ್ಲ. ತುಮಕೂರಿನ ಬಸ್ಸು ಹತ್ತಿ ಸದಾಶಿವನಗರಕ್ಕೆ ಹೋದೆ. ಸಾಹೇಬರು ರಿಟೈರಾಗಿ ವರಾಂಡದಲ್ಲಿ ಪೇಪರು ಓದುತ್ತ ಕೂತಿದ್ದರು. ನನ್ನ ಗುರುತು ಹಿಡಿದರು, ಕೂರಲು ಹೇಳಿದರು, ಕಾಫಿಗೆ ಒಳಗೆ ಕೂಗಿದರು. ಗಾಜಿನ ಮನೆ ಮೇಸ್ತ್ರಿ ತೀರಿಕೊಂಡರು ಸಾರ್ ಅಂದೆ. ಯಾವ ಮೇಸ್ತ್ರಿ ಎಂದು ಕೇಳಿದರು. ನಾಟಕವಲ್ಲ, ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ನಾನು ಹೆಸರು ಹೇಳಿದೆ. ಹಣೆ ಒತ್ತಿಕೊಂಡು ಯೋಚಿಸಿದರು. 'ಓ, ಆ ಗಾಜು ಒಡೆದೋನಾ? ಆ ವರ್ಷ ಟೊಮ್ಯಾಟೊ ಎಲ್ಲಾ ಹೋಯ್ತಲ್ಲ, ಅವನಿಂದಲೇ ಅಲ್ವಾ?' ಅಂದರು.

ನಾನು ಕೂತಿದ್ದವನು ಎದ್ದು ನಿಂತೆ. ಬೀಗ ನೀವು ಹಾಕಿದ್ದು, ಬೀಗದ ಕೈ ನಿಮ್ಮ ಜೇಬಿನಲ್ಲಿತ್ತು, ಅವರು ಈ ಗೇಟಿನ ಹತ್ತಿರ ಬಂದು ಬೇಡಿಕೊಂಡು ವಾಪಸು ಹೋದರು ಎಂದು ಎಲ್ಲವನ್ನೂ ಹೇಳಿದೆ. ದನಿ ಏರಿತ್ತು, ಒಳಗಿನಿಂದ ಯಾರೋ ಬಂದು ಬಾಗಿಲಲ್ಲಿ ನಿಂತರು. 'ಗಾಜು ಒಡೆದಿದ್ದಕ್ಕೇ ಏಳು ಗಿಡ ಉಳೀತು ಸಾರ್. ಅವರು ನಾಶ ಮಾಡಿದೋರಲ್ಲ, ಉಳಿಸಿದೋರು' ಅಂದೆ.

ಸಾಹೇಬರು ಕನ್ನಡಕ ತೆಗೆದು ಪೇಪರಿನ ಮೇಲಿಟ್ಟರು. ಸಿಟ್ಟು ಮಾಡಿಕೊಳ್ಳಲಿಲ್ಲ.

'ಇದನ್ನ ನೀನು ಅವತ್ತೇ ಹೇಳ್ಬೇಕಿತ್ತಲ್ಲಯ್ಯ' ಅಂದರು.

ಮೇಸ್ತ್ರಿಯ ವಿಷಯದಲ್ಲಿ ಆ ಮನುಷ್ಯ ಆಡಿದ ಒಂದೇ ಒಂದು ನ್ಯಾಯದ ಮಾತು ಅದು. ಆಡಿದ್ದು ನನ್ನ ಮುಖಕ್ಕೆ.